ಗಸಗಸೆಯ ಎರಡನೇ ಅಳತೆ

ಮೂರನೇ ಬಕೆಟ್ಟಿಗೆ ಓಟ್ಸ್ ಅಳೆಯುತ್ತಿದ್ದಾಗ ಮೇವಿನ ಕೋಣೆಗೆ ಬರುತ್ತಿದ್ದ ಬೆಳಕು ಕಡಿಮೆಯಾಯಿತು. ತಲೆ ಎತ್ತದೆಯೇ ಯಾರೆಂದು ಅವಳಿಗೆ ಗೊತ್ತಾಯಿತು. ಆರು ವರ್ಷ ಕಳೆದರೂ ಆ ಮನುಷ್ಯ ಬಾಗಿಲಿಗೆ ಒಂದು ಭುಜ ಒರಗಿಸಿ ನಿಲ್ಲುವುದನ್ನು ಬಿಟ್ಟಿರಲಿಲ್ಲ.

"ಚೆನ್ನಾಗಿದ್ದೀಯಾ?" ಎಂದ.

"ಚೆನ್ನಾಗಿದ್ದೀರಾ ಅಂತ ಕೇಳಿ, ಮೇಷ್ಟ್ರೇ. ಇಲ್ಲಿ ಮೇವಿನ ಉಸ್ತುವಾರಿ ನನ್ನದು."

ಅವನು ನಕ್ಕ. ಕಿವಿಯ ಪಕ್ಕ ಕೂದಲು ನರೆತಿತ್ತು. ಅದೂ ಅವನಿಗೆ ಒಪ್ಪುತ್ತಿತ್ತಲ್ಲ ಎಂದು ಅವಳ ಹೊಟ್ಟೆ ಉರಿಯಿತು.

ಹಿಂದೆ ಇಬ್ಬರೂ ಒಂದೇ ಲಾಯದಲ್ಲಿದ್ದರು. ಅವನು ಕುದುರೆ ಪಳಗಿಸುವ ಮೇಷ್ಟ್ರು, ಅವಳು ಮೇವಿನವಳು, ಮದುವೆಯ ಮಾತೂ ಆಗಿತ್ತು. ಮಾಲೀಕರನ್ನು ಮೆಚ್ಚಿಸಲು ಅವನು ಯಾವಾಗಲೂ ಜಾಸ್ತಿ ಮೇವು ಹೇಳುತ್ತಿದ್ದ. ಅವಳು ಸದ್ದಿಲ್ಲದೆ ಕಡಿಮೆ ಮಾಡಿ ಹಾಕುತ್ತಿದ್ದಳು. ಅದು ಅವರಿಬ್ಬರೊಳಗಿನ ಒಪ್ಪಂದ, ಎಂದೂ ಬಾಯಿಬಿಟ್ಟು ಆಡಿದ್ದಲ್ಲ. ತಂಗಿಯ ಮದುವೆಗೆಂದು ಅವಳು ಎರಡು ದಿನ ರಜೆ ಹಾಕಿದಾಗ ಅವನೇ ಹೊಸ ಮೂಟೆ ಬಿಚ್ಚಿ ಒಂದು ಗಂಡುಕುದುರೆಗೆ ಸುರಿದ. ಕುದುರೆ ಹೊಟ್ಟೆಶೂಲೆಯಿಂದ ಸತ್ತಿತು. ಮೇವಿನವಳು ಅಳತೆ ತಪ್ಪಿಸಿ ಹೋಗಿದ್ದಾಳೆ ಎಂದು ಮಾಲೀಕರು ಎಲ್ಲರೆದುರು ಹೇಳಿದಾಗ ಅವನು ನೆಲ ನೋಡುತ್ತ ನಿಂತಿದ್ದ. ಅವಳ ಕೆಲಸ ಹೋಯಿತು, ಹೆಸರೂ ಹೋಯಿತು. ಇಂಥದೊಂದು ದಿನ ಬರಲಿ ಎಂದು ಅವಳು ಅಂದಿನಿಂದ ಕಾಯುತ್ತಿದ್ದಳು.

ಈಗ ಅದೇ ಮಾಲೀಕರು ಕೊಂಡ ಹೊಸ ಹೆಣ್ಣುಕುದುರೆಯನ್ನು ಅವನು ಅವಳು ಈಗಿರುವ ಈ ಲಾಯಕ್ಕೆ ಪಳಗಿಸಲು ತಂದಿದ್ದ. ಕಪ್ಪು ಮೈಮೇಲೆ ಸಣ್ಣ ಬಿಳಿ ಚುಕ್ಕೆಗಳಿದ್ದುದರಿಂದ ಲಾಯದವರು ಆಗಲೇ ಅದನ್ನು ಗಸಗಸೆ ಎಂದು ಕರೆಯತೊಡಗಿದ್ದರು. ಹೊಸ ಕುದುರೆಯ ಜೊತೆಗೆ ಹಳೆಯ ಜಾಗದ ಮೇವೂ ಒಂದು ಮೂಟೆ ಬರಬೇಕು. ಮೊದಲು ಮುಕ್ಕಾಲು ಹಳೆಯದಕ್ಕೆ ಕಾಲು ಹೊಸದು, ಆಮೇಲೆ ಅರ್ಧಕ್ಕರ್ಧ, ಹೀಗೆ ಹೊಸ ಮೇವು ಹೊಟ್ಟೆಗೆ ಒಗ್ಗಲು ಹತ್ತು ದಿನ ಹಿಡಿಯುತ್ತದೆ. ಅವನು ಮೂಟೆ ತಂದಿಲ್ಲ ಎಂದ. ಇಷ್ಟು ದಿನ ಏನು ತಿನ್ನುತ್ತಿತ್ತು ಎಂದು ಕೇಳಿದ್ದಕ್ಕೆ, ಬರೀ ಒಣಹುಲ್ಲು ಎಂದ. ಭಾನುವಾರ ಮಾಲೀಕರು ಬರುತ್ತಾರೆ, ಅಷ್ಟರೊಳಗೆ ಮೈ ತುಂಬಬೇಕು, ಇವತ್ತಿನಿಂದಲೇ ಎರಡು ಅಳತೆ ಓಟ್ಸ್ ಹಾಕಬೇಕು ಎಂದ.

ಅವಳು ಪುಸ್ತಕ ಮುಂದೆ ತಳ್ಳಿದಳು. "ಬರೆದು ಸಹಿ ಹಾಕಿ."

ಅವನು ಬರೆದ. ಪೆನ್ನು ಹಿಂದೆ ಕೊಡುವಾಗ ಅವಳ ಮುಖ ನೋಡಿ ಒಂದು ಹುಬ್ಬು ಏರಿಸಿದ, ಹಳೆಯ ದಿನಗಳ ಹಾಗೆಯೇ. ಅವಳು ನೋಡಿಯೂ ನೋಡದವಳಂತೆ ಪುಸ್ತಕ ಮುಚ್ಚಿದಳು.

ಒಂದು ಅಳತೆ ಸುರಿದಾಗ ಅವಳ ಕೈ ನಿಂತಿತು. ಗಸಗಸೆ ಅವಳ ತೋಳಿಗೆ ಮೂತಿ ಉಜ್ಜಿ ಬಿಸಿಯುಸಿರು ಬಿಟ್ಟಿತು. ಈ ಸಲ ತಪ್ಪಿನ ಕೆಳಗೆ ಅವನ ಸಹಿ ಇದೆ ಎಂದುಕೊಂಡು ಅವಳು ಎರಡನೆಯದನ್ನೂ ಸುರಿದಳು.

ಮಧ್ಯಾಹ್ನದ ಹೊತ್ತಿಗೆ ಗಸಗಸೆ ಮುಂಗಾಲಿನಿಂದ ನೆಲ ಕೆರೆಯುತ್ತ, ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡುತ್ತಿತ್ತು. ಅವಳು ಓಡಿಬಂದು ಪಕ್ಕೆಗೆ ಕಿವಿಯಿಟ್ಟಳು. ಯಾವಾಗಲೂ ಗುಡುಗುಡು ಎನ್ನಬೇಕಾದ ಹೊಟ್ಟೆ ತೆಪ್ಪಗಿತ್ತು. ಕುದುರೆಗಳನ್ನು ನೋಡುವ ಡಾಕ್ಟರಮ್ಮನಿಗೆ ಫೋನ್ ಮಾಡಿದವಳೂ ಅವಳೇ.

ಡಾಕ್ಟರಮ್ಮ ಮೂಗಿನಿಂದ ಕೊಳವೆ ಇಳಿಸಿ, ಇಂಜೆಕ್ಷನ್ ಕೊಟ್ಟು, ಲದ್ದಿ ಹಾಕುವವರೆಗೆ ಕಾಳಿನ ಮಾತೇ ಬೇಡ, ಆಗಾಗ ಮೆಲ್ಲಗೆ ನಡೆಸಿ ಎಂದರು. ಆಮೇಲೆ, ಇದನ್ನು ಹಾಕಿದ ಬುದ್ಧಿವಂತರು ಯಾರು ಎಂದು ಕೇಳಿದರು.

"ನಾನೇ ಹೇಳಿದ್ದು," ಎಂದ ಅವನು. "ಬರೆದೂ ಕೊಟ್ಟಿದ್ದೀನಿ. ಅವರದೇನೂ ತಪ್ಪಿಲ್ಲ."

ಆರು ವರ್ಷ ಕಾದಿದ್ದ ಮಾತು. ಎಷ್ಟು ಸಿಹಿಯಾಗಿರುತ್ತದೆಂದು ಅವಳು ಅಂದುಕೊಂಡಿದ್ದಳೋ ಅದರ ಕಾಲುಭಾಗವೂ ಇರಲಿಲ್ಲ. "ಗೊತ್ತಿದ್ದೂ ಹಾಕಿದವಳು ನಾನು," ಎಂದಳು ಡಾಕ್ಟರಮ್ಮನಿಗೆ. ಡಾಕ್ಟರಮ್ಮ ಇಬ್ಬರನ್ನೂ ದುರುಗುಟ್ಟಿ ನೋಡಿ, ಚೀಲ ಎತ್ತಿಕೊಂಡು ಹೋದರು.

ಕುದುರೆಯ ಆ ಪಕ್ಕ ಅವನು, ಈ ಪಕ್ಕ ಅವಳು. ಅಂಗಳದಲ್ಲಿ ಸುತ್ತು ಹಾಕಿದರು. ಗಸಗಸೆಯ ಕತ್ತಿನ ಕೆಳಗೆ ಅವಳಿಗೆ ಕಾಣುತ್ತಿದ್ದುದು ಹಗ್ಗ ಹಿಡಿದ ಅವನ ಕೈ ಮಾತ್ರ.

"ನೀನು ಕಡಿಮೆ ಮಾಡ್ತೀಯ ಅಂದ್ಕೊಂಡಿದ್ದೆ," ಎಂದ.

"ಮಾಡ್ತಿದ್ದೆ. ನಿನ್ನ ಜೊತೆ ಇರೋವರೆಗೂ ಮಾಡ್ತಿದ್ದೆ."

ನೀನು ಎಂದು ಅವಳ ಬಾಯಿಂದಲೂ ಬಿದ್ದುಹೋಗಿತ್ತು. ಇಬ್ಬರೂ ಅದನ್ನು ಎತ್ತಿಕೊಳ್ಳಲು ಹೋಗಲಿಲ್ಲ.

"ಆ ಕುದುರೆ ಸತ್ತ ದಿನ ಹೇಳ್ಬೇಕಿತ್ತು. ಕೆಲಸ ಹೋಗುತ್ತೆ ಅಂತ ಹೆದರಿದೆ. ಕೆಲಸ ಉಳೀತು," ಎಂದು ಅವನು ನಿಲ್ಲಿಸಿದ. "ಅಷ್ಟೇ ಉಳಿದಿದ್ದು."

ಹೊತ್ತಿಳಿಯುವಾಗ ಗಸಗಸೆ ಬಾಲ ಎತ್ತಿ ಲದ್ದಿ ಹಾಕಿತು. ಇಬ್ಬರೂ ಬಗ್ಗಿ ನೋಡಿದರು, ಮೃದುವಾಗಿತ್ತು, ಆದರೂ ಲದ್ದಿಯೇ. ತಲೆಗೆ ತಲೆ ತಾಗಿತು, ನಗು ಬಂತು. ಲಾಯ ಗುಡಿಸುವ ದೊಡ್ಡಮ್ಮ ಪೊರಕೆ ಊರಿ ನಿಂತಿದ್ದಳು. "ಹೂವು ನೋಡಿ ನಗೋರನ್ನ ಕಂಡಿದ್ದೀನಿ," ಎಂದಳು, "ಲದ್ದಿ ನೋಡಿ ನಗೋ ಜೋಡಿ ಇದೇ ಮೊದಲು."

ದೊಡ್ಡಮ್ಮ ಹೋದ ಮೇಲೆ ಅವನು ಮೇವಿನ ಕೋಣೆಯಲ್ಲಿ ಕೂತು ಮಾಲೀಕರಿಗೆ ಒಂದು ಪತ್ರ ಬರೆದ. ಅಂದು ಮೂಟೆ ಬಿಚ್ಚಿದ್ದು ತಾನು, ಬೈಸಿಕೊಂಡದ್ದು ಅವಳು. ಮಡಿಸಿ ಅವಳ ಕೈಗಿಟ್ಟ. "ಬೇಡ ಅನಿಸಿದ್ರೆ ಹರಿದುಬಿಡು," ಎಂದ. ಹರಿದುಬಿಡಲಿ ಎಂಬ ಆಸೆ ಅವನ ಕಣ್ಣಲ್ಲಿತ್ತು. ಇನ್ನೂ ಒಂದು ಆಸೆ ಇತ್ತು, ಅದನ್ನು ಅವಳು ಬೇಕೆಂದೇ ಸ್ವಲ್ಪ ಹೆಚ್ಚು ಹೊತ್ತು ನೋಡಿದಳು.

"ನಿದ್ದೆಗೆಟ್ಟೋರ ಹಾಗಿದ್ದೀಯ. ಹೋಗಿ ಮಲಕ್ಕೋ," ಎಂದಳು.

ಅವನು ಹೋದ ಮೇಲೆ ಪತ್ರವನ್ನು ಎರಡು ಸಲ ಓದಿದಳು. ಭಾನುವಾರ ಇದನ್ನು ಮಾಲೀಕರ ಕೈಗೆ ತಾನೇ ಕೊಡುವುದು. ಎಲ್ಲರೆದುರು ಓದಿಸುವುದು. ಅವನು ನೆಲ ನೋಡುವುದನ್ನು, ಕೆಲಸ ಕಳೆದುಕೊಳ್ಳುವುದನ್ನು ಕಣ್ಣುತುಂಬ ನೋಡುವುದು, ಒಂದು ಮಾತೂ ಅಡ್ಡ ಹಾಕದೆ. ಆಮೇಲೆ ಅವನು ಪೆಟ್ಟಿಗೆ ಹಿಡಿದು ಗೇಟು ದಾಟುವಾಗ, ಅಂದು ತಾನು ಒಬ್ಬಳೇ ಹೋದ ಹಾಗೆ ಅವನೊಬ್ಬನನ್ನೇ ಹೋಗಲು ಬಿಡುವುದಿಲ್ಲ.

ದೀಪ ಹಾಕುತ್ತ ಬಂದ ದೊಡ್ಡಮ್ಮ ಏನೇ ಯೋಚನೆ ಎಂದು ಕೇಳಿದಳು. ಏನೂ ಇಲ್ಲ ಎಂದು ಅವಳು ಮೇವಿನ ಕೋಣೆಗೆ ಬೀಗ ಹಾಕಿದಳು.