‘ಮನಿ’ ಅಂತಿದ್ದ ನಂಬರು

"ಕಾಲು ಮುಟ್ಟಬ್ಯಾಡ್ರಿ," ಎಂದು ಅವನು ಪಾದ ಹಿಂದಕ್ಕೆಳೆದುಕೊಂಡ.

ಚಂದ್ರಕಲಾ ಕೇಳಲಿಲ್ಲ. ಉಪ್ಪು ಹಾಕಿದ ಬಿಸಿನೀರಿನ ಬೋಗುಣಿಯನ್ನು ಇನ್ನಷ್ಟು ಹತ್ತಿರ ಸರಿಸಿದಳು. ಹಿಮ್ಮಡಿಯ ಬೊಬ್ಬೆ ಒಡೆದು, ರಕ್ತಕ್ಕೆ ಮಣ್ಣು ಮೆತ್ತಿಕೊಂಡಿತ್ತು.

"ಶ್ರೀಶೈಲಕ್ಕ ಹೊಂಟ ಕಾಲು ಇವು. ಮುಟ್ಟಿ ಬರೋತನಕ ನಿಮ್ಮವಲ್ಲ, ಮಲ್ಲಯ್ಯನವು. ಸುಮ್ಮ ಕುಂದರ್ರಿ."

ಅವನು ಸುಮ್ಮನೆ ಕುಳಿತ. ಮುಖ ಮಾತ್ರ ಆಚೆ ತಿರುಗಿಸಿದ್ದ. ತನ್ನ ಕಾಲನ್ನು ಇನ್ನೊಬ್ಬರು ತೊಳೆದು ಎಷ್ಟೋ ಕಾಲವಾದವನ ಹಾಗೆ...

ಅದು ಹೋದ ವರ್ಷ, ಯುಗಾದಿ ಹತ್ತಿರದ ಬಿಸಿಲು. ಕಲ್ಮಲದ ರಸ್ತೆ ಬದಿಗೆ ಪಾದಯಾತ್ರೆಯವರಿಗಾಗಿ ದಾಸೋಹದ ಪೆಂಡಾಲು ಹಾಕಿದ್ದರು. ಚಂದ್ರಕಲಾ ಮಾನ್ವಿಯ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುವವಳು. ಗಂಡ ತೀರಿದ ಮೇಲೆ ವರ್ಷಕ್ಕೊಮ್ಮೆ ಈ ಪೆಂಡಾಲಿಗೆ ಬಂದು ಸೇವೆ ಮಾಡಿ ಹೋಗುತ್ತಿದ್ದಳು. ಅವನು ಪಂಪಾಪತಿ, ದೇವದುರ್ಗದ ಗೌಂಡಿ. ಮದುವೆಯ ವಯಸ್ಸು ದಾಟಿದವನು. ಮನೆಯಲ್ಲಿ ತಾಯಿ ಪಕೀರಮ್ಮ ಒಬ್ಬಳೇ.

ಹೊರಡುವಾಗ ಅವನು ಅವಳ ನಂಬರು ಕೇಳಿದ. ಕಾಲು ಅಲ್ಲಿತನಕ ಹೋದವೋ ಇಲ್ಲವೋ ತೊಳೆದವರಿಗೆ ತಿಳಿಯಬೇಕಲ್ಲ, ಎಂದ.

ಶ್ರೀಶೈಲ ಮುಟ್ಟಿದ ದಿನ ಫೋನು ಮಾಡಿದ. ಆಮೇಲೂ ಮಾಡುತ್ತ ಹೋದ. ದೊಡ್ಡ ಮಾತೇನೂ ಇರುತ್ತಿರಲಿಲ್ಲ. ಇವತ್ತಿನ ಹಿಟ್ಟಿಗೆ ಜಿಗಿ ಇಲ್ಲ ಎಂದು ಅವಳು, ಕಟ್ಟಿದ ಗೋಡೆಗೆ ನೀರು ಹೊಡೆಯುವವರಿಲ್ಲ ಎಂದು ಅವನು. ಆದರೂ ಅವಳಿಗೆ ಸಂಜೆ ಎಂಬುದೊಂದು ಇದೆ ಎಂದು ಎಷ್ಟೋ ವರ್ಷಗಳ ಮೇಲೆ ಗೊತ್ತಾಗಿತ್ತು.

ಈ ವರ್ಷ ಮತ್ತೆ ಅದೇ ಕಲ್ಮಲ. ಅದೇ ಬೋಗುಣಿ. ಈ ಸಲ ಅವನು ಕಾಲು ಎಳೆದುಕೊಳ್ಳಲಿಲ್ಲ.

"ನಿಮ್ಮವ್ವಗ ನನ್ನ ಸುದ್ದಿ ಹೇಳಿದೇನು?" ಚಂದ್ರಕಲಾ ನೀರು ನೋಡುತ್ತಲೇ ಕೇಳಿದಳು.

"ಬಂದ ಮ್ಯಾಲ ಮಾತಾಡೋಣು," ಎಂದ.

ಗಂಡ ಸತ್ತವಳನ್ನು ಉಡಿಕಿ ಮದುವೆ ಮಾಡಿಕೊಳ್ಳುತ್ತೇನೆ ಎಂದು ತಾಯಿಯ ಮುಂದೆ ಹೇಳಲು ಇವನಿಗೆ ನಾಲಿಗೆ ಏಳಲಿಲ್ಲ. ಅಷ್ಟೇ ತಾನೆ?

"ದಾರಿ ಬ್ಯಾಸರಾ ಕಳಿಯಾಕ ನಾ ಬೇಕು, ಮನಿಗೆ ಬ್ಯಾಡ. ಹೌದಿಲ್ಲೋ? ಹಂಗಾರ ಫೋನ್ ಮಾಡಬ್ಯಾಡ."

"ಮಿಸ್ ಕಾಲರೆ ಕೊಡ್ತೀನಿ, ಸಂಜಿಗೊಂದು. ನೀ ಎತ್ತಬ್ಯಾಡ. ಅಂವ ಇದ್ದಾನ ಅಂತ ತಿಳಕೊಂಡ್ರ ಸಾಕು."

ಅವಳು ಬೋಗುಣಿ ಎತ್ತಿಕೊಂಡು ನೀರು ಚೆಲ್ಲಲು ಎದ್ದು ಹೋದಳು. ತಿರುಗಿ ಬರುವಷ್ಟರಲ್ಲಿ ಅವನು ದಾರಿ ಹಿಡಿದಿದ್ದ.

ದೇವದುರ್ಗದ ಕಡೆಯಿಂದ ನಡೆಯುವವರು ದೊಡ್ಡ ಫೋನನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ. ದಾರಿಯಲ್ಲಿ ಅದಕ್ಕೆ ಚಾರ್ಜು ಸಾಲುವುದಿಲ್ಲ. ಬಸ್‌ಸ್ಟ್ಯಾಂಡ್ ಹತ್ತಿರದ ಬುರ್ಹಾನುದ್ದೀನ್ ಅಂಗಡಿಯಲ್ಲಿ ಬಟನ್ನಿನ ಸಣ್ಣ ಕರಿ ಫೋನು ಸಿಗುತ್ತದೆ. ಎಲ್ಲರ ಜೇಬಿನಲ್ಲೂ ಅದೇ. ಪೆಂಡಾಲಿನಲ್ಲಿ ಚಾರ್ಜಿಗೆ ಕೊಟ್ಟರೆ ಸೇವೆಯವರು ಬೆನ್ನಿಗೊಂದು ಪಟ್ಟಿ ಅಂಟಿಸಿ ಊರ ಹೆಸರು ಬರೆಯುತ್ತಾರೆ. ಊರ ಹೆಸರಷ್ಟೇ. ಆ ಗದ್ದಲದಲ್ಲಿ ಮನುಷ್ಯರ ಹೆಸರು ಬರೆಯುವ ಪುರುಸೊತ್ತು ಯಾರಿಗೂ ಇರುವುದಿಲ್ಲ.

ಮಾನ್ವಿಗೆ ಮರಳಿದ ಮೇಲೆ, ಸಂಜೆ ಹಿಟ್ಟಿನ ಕೈ ತೊಳೆದು ಚಂದ್ರಕಲಾ ಫೋನಿನ ಮುಂದೆ ಕೂರುತ್ತಿದ್ದಳು. ಒಂದು ಸಲ ಬಡಿದು ನಿಲ್ಲುತ್ತಿತ್ತು. ಅವಳ ಲೆಕ್ಕದಲ್ಲಿ ಅವನು ರಾಯಚೂರು ದಾಟಿದ. ಯರಗೇರಾ ದಾಟಿದ. ಆಂಧ್ರದ ನೆಲ ತುಳಿದ. ಅವಳು ಎತ್ತಲಿಲ್ಲ. ಇದ್ದಾನೆ ಎಂದು ತಿಳಿದುಕೊಂಡು ದೀಪ ಹಚ್ಚಲು ಏಳುತ್ತಿದ್ದಳು.

ಆತ್ಮಕೂರಿನ ಆಚೆ ಕಾಡು. ಅಲ್ಲಿ ಸಿಗ್ನಲ್ ಇರುವುದಿಲ್ಲ. ನಡೆಯುವವರು ಫೋನು ಬಂದ್ ಮಾಡಿ ಒಳಜೇಬಿಗೆ ಹಾಕಿಬಿಡುತ್ತಾರೆ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ಆ ಸಂಜೆಗಳು ಮುಗಿಯಲಿಲ್ಲ.

ಒಂದು ಮಧ್ಯಾಹ್ನ ರೊಟ್ಟಿ ಹೆಂಚಿನ ಮೇಲಿದ್ದಾಗ ಫೋನು ಬಂತು. ಅವನದೇ. ಒಂದಕ್ಕೆ ನಿಲ್ಲಲಿಲ್ಲ, ಬಡಿಯುತ್ತಲೇ ಇತ್ತು.

‘ಫೋನ್ ಮಾಡಬ್ಯಾಡ ಅಂದಿದ್ನಲ್ಲ...’ ಅವಳು ಎತ್ತಲಿಲ್ಲ.

ಮತ್ತೆ ಬಂತು. ಎತ್ತಿದಳು.

"ಯಮ್ಮಾ, ನಾವು ದಾಸೋಹದವರು," ಗುರುತಿಲ್ಲದ ದನಿ. "ಈ ಫೋನಿನ್ಯಾಗ ನಿಮ್ಮ ನಂಬರು ‘ಮನಿ’ ಅಂತ ಅದ. ಅದಕ್ಕ ಮಾಡಿದ್ವಿ. ಇದು ಯಾರ ಫೋನ್ರಿ?"

ಮನಿ. ಅವಳ ಹೆಸರು ಇರಬೇಕಾದ ಜಾಗದಲ್ಲಿ ಅವನು ಮನಿ ಎಂದು ಬರೆದಿದ್ದ.

"ಪಂಪಾಪತಿ... ದೇವದುರ್ಗದ ಪಂಪಾಪತೀದು," ಎಂದಳು.

ಆ ಕಡೆಯವನು ಸುದ್ದಿ ಹೇಳಿದ. ಕಾಡಿನ ಏರಿನಲ್ಲಿ ಬಿಸಿಲು ತಾಗಿ ಬಿದ್ದಿದ್ದನಂತೆ. ಗುಂಪಿನವರು ಮುಂದೆ ಹೋಗಿದ್ದರಂತೆ. ಹೊತ್ತು ತರುವಷ್ಟರಲ್ಲಿ ಜೀವ ಇರಲಿಲ್ಲವಂತೆ. ಪೊಲೀಸರ ಕೆಲಸ ಮುಗಿಸಿ ನಾಳೆ ದೇವದುರ್ಗಕ್ಕೆ ಗಾಡಿಯಲ್ಲಿ ತರುತ್ತೇವೆ, ಮನೆಯವರು ಇರಬೇಕು ಎಂದ. ಅವ್ವ ಎಂಬ ನಂಬರನ್ನು ಯಾರೂ ಎತ್ತುತ್ತಿಲ್ಲ ಎಂದ.

"ನೀವು ಅವರಿಗೆ ಏನಾಗಬೇಕ್ರಿ?"

ಹೆಂಚಿನ ಮೇಲಿನ ರೊಟ್ಟಿ ಕರಿಯಾಗಿ ಹೊಗೆ ಎದ್ದಿತ್ತು.

ಮರುದಿನ ಸಿರವಾರದಲ್ಲಿ ಬಸ್ಸು ಬದಲಿಸಿ ಅವಳು ದೇವದುರ್ಗದಲ್ಲಿ ಇಳಿದು, ಕೇಳುತ್ತ ಅವನ ಮನೆಗೆ ಬಂದಳು. ಪಕೀರಮ್ಮ ಕಟ್ಟೆಯ ಮೇಲೆ ಕುಳಿತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಅವಳ ಫೋನು ಒಳಗೆ ಗೋಡೆಯ ಮಾಡದಲ್ಲಿ ಚಾರ್ಜು ತೀರಿ ಬಿದ್ದಿತ್ತು.

"ಯಾರವ್ವಾ ನೀ?"

"ಕಲ್ಮಲದ ಪೆಂಡಾಲಿನ್ಯಾಗ... ಕಾಲು ತೊಳಿಯಾಕಿ."

ಮುದುಕಿ ಮೊರ ಕೆಳಗಿಟ್ಟಳು. ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ನೀನಽ ಏನು ಆಕಿ? ಅಂವ ಹೋಗೂ ಮುಂದ ಇಲ್ಲೇ ಕುಂತು ಹೇಳಿದ. ನಾ ಸತ್ತ ಮ್ಯಾಲ ತಂದುಕೋ ಅಂದೆ. ಹಂಗಾರ ನಿನ್ನ ಮನಸು ತಿರುಗಲಿ ಅಂತ ಮಲ್ಲಯ್ಯನ್ನ ಕೇಳಿ ಬರ್ತೀನಿ ಅಂದು ಹ್ವಾದ. ಈಗ ನೀನಽ ಕೇಳಾಕ ಬಂದೇನು?"

ಅವನು ಹೇಳಿದ್ದ! ಹೇಳಿ, ಬೈಸಿಕೊಂಡು, ತಾಯಿಯ ಮಾತು ಚಂದ್ರಕಲಾಗೆ ಚುಚ್ಚಬಾರದೆಂದು ಬಾಯಿ ಮುಚ್ಚಿಕೊಂಡಿದ್ದ. ಅಂಥವನಿಗೆ ಅವಳು ಫೋನ್ ಮಾಡಬ್ಯಾಡ ಎಂದಿದ್ದಳು...

ಕಟ್ಟೆಯ ಕೆಳಗೆ ಕುಸಿದು ಕುಳಿತು, ಮುದುಕಿಯ ಮೊಣಕಾಲು ಹಿಡಿದುಕೊಂಡಳು. ತಂದ ಸುದ್ದಿಯನ್ನು ಹೇಳಿದಳು.

ಪಕೀರಮ್ಮ ಅಳಲಿಲ್ಲ. ಚಂದ್ರಕಲಾಳ ತಲೆಯ ಮೇಲೆ ಕೈಯಿಟ್ಟು, ರಸ್ತೆ ನೋಡುತ್ತ ಕುಳಿತುಬಿಟ್ಟಳು. ಗಾಡಿ ಬರುವವರೆಗೆ ಆ ಕೈ ಅಲ್ಲಿಂದ ಕದಲಲಿಲ್ಲ.

ಗಾಡಿ ಬಂತು. ಓಣಿಯವರು ಕೂಡಿದರು. ತಂದವನು ಚಂದ್ರಕಲಾಳ ಕೈಗೆ ಸಣ್ಣ ಕರಿ ಫೋನು ಕೊಟ್ಟ. ಬೆನ್ನಿನ ಪಟ್ಟಿಯ ಮೇಲೆ ‘ದೇವದುರ್ಗ’ ಎಂದಿತ್ತು. ಮುಖದ ಬಟ್ಟೆ ಸರಿಸಿದರು.

ಪಕೀರಮ್ಮ ಬಾಗಿ ನೋಡಿದಳು. ಇನ್ನೂ ಬಾಗಿದಳು.

"ಇಂವ ನನ್ನ ಮಗ ಅಲ್ಲ."

ಅವಳ ಬಾಯಿಂದ ನಗುವಿನಂಥ ಒಂದು ಸದ್ದು ಬಂತು. ಮರುಗಳಿಗೆಯೇ ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ಯಂಕೋಬ," ಎಂದಳು ಸೆರಗಿನೊಳಗಿಂದ. "ಹಿಂದಿನ ಓಣಿ ಯಂಕೋಬ... ಅಯ್ಯೋ, ಅವನ ಹೇಣ್ತಿ ಅನ್ನಪೂರ್ಣಗ ಯಾರು ಹೇಳ್ಬೇಕು?"

ಆ ಗಳಿಗೆಯಲ್ಲಿ ಚಂದ್ರಕಲಾಗೆ ತಿಳಿಯಿತು. ಕಾಡಿಗೆ ಮೊದಲಿನ ಕಡೆಯ ಪೆಂಡಾಲಿನಲ್ಲಿ ಒಂದೇ ಊರಿನ ಎರಡು ಕರಿ ಫೋನು ಜೇಬು ಬದಲಿಸಿದ್ದವು. ಫೋನು ಯಾರದೆಂದು ಅವರು ಕೇಳಿದ್ದರು. ಸತ್ತವನಿಗೆ ಪಂಪಾಪತಿ ಎಂದು ಹೆಸರಿಟ್ಟವಳು ಅವಳೇ. ತಪ್ಪು ಮನೆಗೆ ಬಂದ ಸಾವನ್ನು ಅದರ ಮನೆಗೆ ಮುಟ್ಟಿಸುವುದೂ ಅವಳದೇ ಆಯಿತು. ಇದ್ದಾನೆ, ಅವನು ಇದ್ದಾನೆ ಎಂದು ಎದೆ ಬಡಿದುಕೊಳ್ಳುತ್ತಿತ್ತು. ಅದನ್ನು ಹೊತ್ತು ಆ ಮನೆಯ ಹೊಸ್ತಿಲು ಹೇಗೆ ತುಳಿಯಲಿ ಎಂದುಕೊಳ್ಳುತ್ತಲೇ ಹಿಂದಿನ ಓಣಿಗೆ ನಡೆದಳು.

ಅನ್ನಪೂರ್ಣ ಬಾಗಿಲಲ್ಲೇ ಇದ್ದಳು, ಕಿವಿಗೆ ಫೋನು ಹಿಡಿದುಕೊಂಡು. ಮುಖದಲ್ಲಿ ಅರೆನಗು.

"ನೋಡ್ರಿ ಯವ್ವಾ," ಎಂದಳು ಹಿಂದೆ ಬಂದ ಪಕೀರಮ್ಮನಿಗೆ, "ಇವ್ರ ಫೋನು ಈಗ ಹತ್ತೇದ. ಎತ್ತಿದ್ದು ನಿಮ್ಮ ಪಂಪಾಪತಿ! ಫೋನು ಅದಲು ಬದಲಾಗೇದಂತ. ಶ್ರೀಶೈಲ ಮುಟ್ಯಾನಂತ. ಇವ್ರು ಹಿಂದ ಉಳದಾರಂತ, ಬರ್ತಾರಂತ..."

ಚಂದ್ರಕಲಾ ಮೆಲ್ಲಗೆ ಕೈ ಚಾಚಿ ಆ ಫೋನು ತೆಗೆದುಕೊಂಡಳು.

"ವೈನಿ, ಯಂಕೋಬಣ್ಣ ಸಂಜಿಮಟ ಬರ್ತಾನ, ಚಿಂತಿ ಮಾಡಬ್ಯಾಡ್ರಿ," ಎನ್ನುತ್ತಿದ್ದ ಅವನು. ಅದೇ ದನಿ. ಸುಸ್ತಾದ, ಜೀವಂತ ದನಿ.

"ನಾನು," ಎಂದಳು.

ಆ ಕಡೆ ಗುಡಿಯ ಗಂಟೆಯ ಸದ್ದಷ್ಟೇ ಕೇಳಿತು.

"ಚಂದ್ರಾ? ನೀ ಅಲ್ಲಿ ಹ್ಯಾಂಗ?"

"ಆಮ್ಯಾಲ ಹೇಳ್ತೀನಿ. ಯಂಕೋಬಣ್ಣನ ಹಾದಿ ನೋಡಬ್ಯಾಡ. ಸೀದಾ ಬಂದುಬಿಡು."

ಅವನಿಗೆ ತಿಳಿಯಿತು. ಅವಳು ಫೋನು ಕೆಳಗಿಟ್ಟಳು. ಅನ್ನಪೂರ್ಣ ಅವಳ ಮುಖವನ್ನೇ ನೋಡುತ್ತಿದ್ದಳು. ಅರೆನಗು ಇನ್ನೂ ತುಟಿಯ ಮೇಲೆ ಉಳಿದಿತ್ತು. ಚಂದ್ರಕಲಾ ಅವಳ ಎರಡೂ ಕೈ ಹಿಡಿದುಕೊಂಡಳು.

ಪಂಪಾಪತಿ ಬಸ್ಸಿಳಿದವನು ಮೊದಲು ಅವರ ಮನೆಗೆ ಹೋದ. ಯಂಕೋಬನ ಫೋನನ್ನು ಅನ್ನಪೂರ್ಣಳ ಮುಂದಿಟ್ಟ. ಕಡೆಯ ಪೆಂಡಾಲಿನಲ್ಲಿ ಇಬ್ಬರೂ ಒಂದೇ ಚಾಪೆಯ ಮೇಲೆ ಮಲಗಿದ್ದೆವು, ಬೆಳಗ್ಗೆ ನಾನು ಮುಂದೆ ನಡೆದೆ ಎಂದು ಹೇಳಲು ಹೋಗಿ, ಹೇಳಲಾರದೆ ಎದ್ದು ಬಂದ.

ಅವನ ಮನೆಯ ಕಟ್ಟೆಯ ಮೇಲೆ ಚಂದ್ರಕಲಾ ಕುಳಿತಿದ್ದಳು. ಮಾನ್ವಿಗೆ ಹೊರಟಿದ್ದವಳನ್ನು ಪಕೀರಮ್ಮ ಬಿಟ್ಟಿರಲಿಲ್ಲ. ಅನ್ನಪೂರ್ಣಳ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಬುತ್ತಿಗೆ ರೊಟ್ಟಿ ಬಡಿಯುವವರು ಬೇಕು, ಎಂದಿದ್ದಳು. ಬೇರೆ ಮಾತೇನೂ ಆಡಿರಲಿಲ್ಲ. ಈಗ ಮಗನನ್ನು ಕಂಡು ಬಿಸಿನೀರಿನ ಬೋಗುಣಿ ತಂದು ಚಂದ್ರಕಲಾಳ ಮುಂದಿಟ್ಟು ಒಳಗೆ ಹೋದಳು.

ಅವನು ಕಾಲು ಇಳಿಬಿಟ್ಟ. ಅವಳು ತೊಳೆದಳು. ಹಿಂದಿನ ಓಣಿಯಿಂದ ಅಳು ಬಿಟ್ಟು ಬಿಟ್ಟು ಕೇಳುತ್ತಿತ್ತು.

"ನನ್ನ ನಂಬರು ‘ಮನಿ’ ಅಂತ ಯಾಕ ಹಾಕಿದ್ದಿ?"

"ದಾರ್‍ಯಾಗ ಬಿದ್ರ, ಸಿಕ್ಕವರು ಮನಿಗೇ ಫೋನ್ ಮಾಡ್ತಾರ," ಎಂದ. "ಮೊದಲು ನಿನಗ ತಿಳೀಲಿ ಅಂತ."

ಅವಳ ಕೈ ನೀರಿನಲ್ಲೇ ನಿಂತಿತು. ಅಷ್ಟು ಹೊತ್ತು ಬರದಿದ್ದ ಅಳು ಆಗ ಬಂತು. ಅವನು ಬಾಗಿ, ಒದ್ದೆಯಾದ ಆ ಕೈಯನ್ನು ಹಿಡಿದುಕೊಂಡ.

"ಆ ಹೆಸರು ತಗದು ಬಿಡ್ಲಾ?"

"ಬ್ಯಾಡ. ಇರ್ಲಿ," ಎಂದಳು. "ಆದ್ರ ಇನ್ನ ಮ್ಯಾಲ ನೀನಽ ಮಾಡು. ಮಂದಿ ಕೈಲೆ ಮಾಡಿಸಬ್ಯಾಡ."