ಕಡುನೀಲಿಯ ಮೇಲೆ ಕಪ್ಪು ಪೆನ್ಸಿಲ್

ಒಂದೇ ದಿನ ಹನ್ನೊಂದು ಪ್ಯಾಂಟು ವಾಪಸ್ ಬಂದಾಗ ಮುತ್ತುರಾಜನ ಸಿಟ್ಟು ನೆತ್ತಿಗೇರಿತು. ಒಂಬತ್ತು ವರ್ಷದಿಂದ ರಾಯದುರ್ಗದ ಜೀನ್ಸ್ ಯೂನಿಟ್ಟುಗಳಲ್ಲಿ ಹೊಲಿಯುತ್ತಿರುವವನು ಅವನು. ಅವನ ಕೈಯ ಹೊಲಿಗೆಗೆ ಯಾರೂ ಬೆರಳು ತೋರಿಸಿದವರಿಲ್ಲ. ಈಗ ನೋಡಿದರೆ ಒಂದೊಂದು ಪೀಸಿನ ಮೇಲೂ ಒಂದೊಂದು ಕೆಂಪು ಬಾಣದ ಸ್ಟಿಕ್ಕರ್. ಇಲ್ಲಿ ಹೊಲಿಗೆ ಜಾರಿದೆ, ಅಲ್ಲಿ ದಾರ ಉಳಿದಿದೆ.

ಹನ್ನೊಂದನ್ನೂ ಹೆಗಲಿಗೆ ಹಾಕಿಕೊಂಡು ಚೆಕ್ಕಿಂಗ್ ಟೇಬಲ್ಲಿಗೆ ಹೋದ. ಮಡಕಶಿರದ ಕಡೆಯಿಂದ ಆ ವಾರವಷ್ಟೇ ಬಂದು ಸೇರಿದ್ದ ಹುಡುಗಿ ಅಲ್ಲಿ ನಿಂತು ಪ್ಯಾಂಟಿನ ಜೇಬೊಂದನ್ನು ಹೊರಗೆ ಎಳೆದು ನೋಡುತ್ತಿದ್ದಳು.

“ಏನ್ರಿ, ನನ್ನ ಮ್ಯಾಲೆ ಏನರ ಸಿಟ್ಟೈತೇನ್ರಿ?”

ಅವಳು ತಲೆ ಎತ್ತಿದಳು. ನೋಡಿದ್ದು ಅವನ ಮುಖವನ್ನಲ್ಲ, ಅಂಗಿಯ ಎರಡನೇ ಗುಂಡಿಯನ್ನು. ಸ್ಟಿಕ್ಕರಿನ ಹಾಳೆಯಿಂದ ಇನ್ನೊಂದು ಕೆಂಪು ಬಾಣ ಕಿತ್ತು ಬೆರಳ ತುದಿಯಲ್ಲಿ ಚಾಚಿದಳು.

“ಇದನ್ನೂ ಹಚ್ಕಳಿ. ಗುಂಡಿ ಬೀಳೋ ಹಂಗೈತೆ.”

ಜಗಳಕ್ಕೆ ಹೋದವನು ಬಾಣ ಇಸಿದುಕೊಂಡು ಬಂದ. ಸಂಜೆ ಕಸ ಗುಡಿಸಲು ಬಂದ ದುರುಗಕ್ಕ ಅವನ ಎದೆಯ ಮೇಲೆ ಕೆಂಪು ಬಾಣ ಇನ್ನೂ ಅಂಟಿಕೊಂಡಿರುವುದನ್ನು ನೋಡಿ, ಪೊರಕೆ ಕೆಳಗಿಟ್ಟು ನಕ್ಕಳು.

ಚೆಕ್ಕಿಂಗಿನ ಆ ಹುಡುಗಿಯ ಹೆಸರು ಗಂಗೋತ್ರಿ. ರೊಳ್ಳದ ಹತ್ತಿರದ ಹಳ್ಳಿಯವಳು. ಮನೆಯಲ್ಲಿ ಹಿಪ್ಪುನೇರಳೆ, ರೇಷ್ಮೆ ಹುಳು. ಭೌತಶಾಸ್ತ್ರ ಹಿಡಿದು ಬಿ.ಎಸ್ಸಿ. ಮುಗಿಸಿ, ಮುಂದೇನು ಅಂತ ಗೊತ್ತಾಗುವವರೆಗೆ ಒಂದು ಕೆಲಸ ಇರಲಿ ಎಂದು ಚಿಕ್ಕಮ್ಮನ ಮನೆಗೆ ಬಂದಿದ್ದಳು. ಮುತ್ತುರಾಜ ಓದಿದ್ದು ಒಂಬತ್ತನೇ ಕ್ಲಾಸು. ಮುಚ್ಚುಮರೆ ಯಾಕೆ, ಆ ಗುಂಡಿಯ ದಿನವೇ ಅವನು ಅವಳನ್ನು ಪ್ರೀತಿಸತೊಡಗಿದ್ದ.

ಮರುದಿನದಿಂದ ಒಂದೂ ಬಾಣ ಬೀಳದ ಹಾಗೆ ಹೊಲಿದ. ಮೂರು ದಿನ ಬೀಗಿದ. ನಾಲ್ಕನೇ ದಿನ ತಲೆಗೆ ಹೊಳೆಯಿತು: ತಪ್ಪಿಲ್ಲದಿದ್ದರೆ ಅವಳು ತನ್ನ ಮಿಷನ್ನಿನ ಹತ್ತಿರ ಬರುವುದೇ ಇಲ್ಲ. ಅವತ್ತಿನಿಂದ ದಿನಕ್ಕೊಂದು ಹೊಲಿಗೆ ಬೇಕೆಂದೇ ಬಿಡತೊಡಗಿದ. ಹನ್ನೊಂದು ಗಂಟೆಗೆ ಹಸಿರು ಬಳೆಗಳ ಸದ್ದು. “ಮತ್ತೆ ಅದೇ ಜಾಗ ನೋಡಿ,” ಎಂದು ಅವಳು ಬಾಗುತ್ತಿದ್ದಳು. ಕಣ್ಣು ಮಂಜಾಗಿದೆ ಎಂದು ಅವನು ನೆಪ ಹೇಳುತ್ತಿದ್ದ. ಇಪ್ಪತ್ತೇಳು ವರ್ಷಕ್ಕೇ ಮಂಜೇ ಎಂದು ಅವಳು ಹುಬ್ಬು ಏರಿಸುತ್ತಿದ್ದಳು. ಆ ಹುಬ್ಬಿಗಾಗಿ ಅವನು ಇನ್ನೂ ನಾಲ್ಕು ಹೊಲಿಗೆ ಬಿಡಲು ತಯಾರಿದ್ದ.

ಊಟದ ಹೊತ್ತಿನಲ್ಲಿ ಮಾತ್ರ ಅವಳು ಯಾರೊಂದಿಗೂ ಸೇರುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಕಪ್ಪಗಾದ ಫೋನನ್ನೇ ನೋಡುತ್ತಿದ್ದಳು. ಓದಿದ ಹುಡುಗಿಯ ಜಂಭ, ನಮ್ಮ ಜೊತೆ ಮಾತಾಡಬೇಕಾಗುತ್ತದೆಂದು ಆರಿದ ಫೋನಿನಲ್ಲಿ ಮುಖ ಹುದುಗಿಸುತ್ತಾಳೆ ಎಂದುಕೊಂಡು ಅವನು ಒಳಗೊಳಗೇ ನೊಂದ. ಒಂದು ಮಧ್ಯಾಹ್ನ ತಡೆಯಲಾರದೆ ಕೇಳಿಯೇಬಿಟ್ಟ.

“ಆರಿದ ಫೋನ್ನಾಗ ದಿನಾ ಏನ್ ಹುಡುಕ್ತೀರಿ?”

ಅವಳು ಫೋನನ್ನು ಅವನ ಕಡೆ ತಿರುಗಿಸಿದಳು. ಅದು ಆರಿರಲಿಲ್ಲ. ಪರದೆಯ ಅಂಚಿಗೆಲ್ಲ ಸಾಸಿವೆ ಚೆಲ್ಲಿದಂತೆ ನಕ್ಷತ್ರಗಳು, ನಡುವೆ ದೊಡ್ಡದೊಂದು ಕಪ್ಪು.

“ಇದು ಕಪ್ಪು ನೀಹಾರಿಕೆ. ಇಲ್ಲೇನೂ ಇಲ್ಲ, ಆಕಾಶಕ್ಕೆ ತೂತು ಬಿದ್ದೈತೆ ಅಂತ ಹಿಂದಿನೋರು ಅಂದ್ಕಂಡಿದ್ರಂತೆ. ಈಗ ನೋಡಿ.”

ಬೆರಳಿನಿಂದ ಸರಿಸಿದಳು. ಅದೇ ಜಾಗದ ಇನ್ನೊಂದು ಚಿತ್ರ. ಕಪ್ಪು ಇದ್ದಲ್ಲಿ ಕೆಂಡದ ಕಿಡಿಗಳಂಥ ಚುಕ್ಕೆಗಳು.

ಇದನ್ನು ತೆಗೆದದ್ದು ಅವಕೆಂಪು ಬೆಳಕಿನಲ್ಲಿ ಎಂದು ಅವಳು ವಿವರಿಸಿದಳು. ಇನ್‌ಫ್ರಾರೆಡ್ ಅನ್ನುತ್ತಾರಲ್ಲ, ನಮ್ಮ ಕಣ್ಣಿಗೆ ಕಾಣದ್ದು, ಅದು. ಆ ಕಪ್ಪು ಬರೀ ಅನಿಲ ಮತ್ತು ನುಣ್ಣನೆಯ ಧೂಳು. ನಮಗೆ ಕಾಣುವ ಬೆಳಕು ಧೂಳಿನಲ್ಲೇ ಸಿಕ್ಕಿಬೀಳುತ್ತದೆ, ಅವಕೆಂಪು ದಾಟಿ ಬರುತ್ತದೆ. ಒಳಗೆ ಅದೇ ಧೂಳೂ ಅನಿಲವೂ ಒಂದೆಡೆ ಕೂಡಿ, ಕುಗ್ಗಿ, ಬಿಸಿಯಾಗಿ ಹೊಸ ನಕ್ಷತ್ರವಾಗುತ್ತಿರುತ್ತದೆ. ಮನೆಯಲ್ಲಿ ಅಮ್ಮ ರೇಷ್ಮೆಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳು ಎಲ್ಲಿಗೆ ಬಂತು ಎಂದು ತಿಳಿಯುತ್ತಾಳೆ, ಇದೂ ಹಾಗೆಯೇ ಅಂದಳು. ಇಂಥ ಚಿತ್ರಗಳಲ್ಲಿ ಎಳೆಯ ನಕ್ಷತ್ರಗಳಿಗೆ ಬೆರಳಿನಿಂದ ಸುತ್ತು ಹಾಕಿ ಗುರುತಿಸುವುದು ಅವಳ ಊಟದ ಹೊತ್ತಿನ ಕೆಲಸ. ವಿಜ್ಞಾನಿಗಳಿಗಾಗಿ ಎಲ್ಲೆಲ್ಲಿಯವರೋ ಪುಕ್ಕಟೆ ಮಾಡುವ ಕೆಲಸವಂತೆ.

“ಅಂದ್ರ ಅಲ್ಲೂ ಚೆಕ್ಕಿಂಗೇ,” ಅಂದ ಮುತ್ತುರಾಜ.

ಅವಳು ನಕ್ಕಳು. ಮೊದಲ ಸಲ ಅವನ ಮುಖವನ್ನೇ ನೋಡಿ ನಕ್ಕದ್ದು.

“ಒಂದು ಹುಟ್ಟಾಕ ಎಷ್ಟು ದಿನ ಬೇಕ್ರಿ?”

“ಲಕ್ಷಗಟ್ಟಲೆ ವರ್ಷ.”

ಬಾಯಿ ಬಿಡಲಾರದೆ ನಾಲ್ಕು ತಿಂಗಳು ಕಳೆದಿದ್ದ ಮುತ್ತುರಾಜನಿಗೆ ಇದರಿಂದ ಬಹಳ ಸಮಾಧಾನವಾಯಿತು.

ಆದರೆ ಅವನ ಬಳಿ ಅಷ್ಟು ಕಾಲ ಇರಲಿಲ್ಲ. ಸಂಕ್ರಾಂತಿ ಕಳೆದ ವಾರ ಗಂಗೋತ್ರಿಗೆ ಕರೆ ಬಂತು. ಉತ್ತರದ ಬೆಟ್ಟಗಳಲ್ಲಿರುವ ಒಂದು ವೀಕ್ಷಣಾಲಯದಲ್ಲಿ ಒಂದು ವರ್ಷದ ತರಬೇತಿ. ಫೋನಿನಲ್ಲಿ ನಕ್ಷತ್ರಗಳಿಗೆ ಸುತ್ತು ಹಾಕುವವರಲ್ಲಿ ಚೆನ್ನಾಗಿ ಗುರುತಿಸಿದ ಕೆಲವರನ್ನು ಆರಿಸಿದ್ದರು, ಅವರಲ್ಲಿ ಇವಳೂ ಒಬ್ಬಳು. ಹೊಲಿಗೆ ಹಾಲ್‌ನಲ್ಲಿ ಎಲ್ಲರಿಗೂ ಹೇಳಿ ಕೊನೆಗೆ ಅವನ ಮಿಷನ್ನಿನ ಹತ್ತಿರ ಬಂದು ನಿಂತಳು.

“ಹೋಗ್ಲಾ?”

“ಹೋಗ್ರಿ. ನನ್ನ ಯಾಕ ಕೇಳ್ತೀರಿ?”

ಮಾತು ಒರಟಾಗಿ ಬಿತ್ತು. ಅವಳು ಇನ್ನೂ ಒಂದು ಗಳಿಗೆ ನಿಂತಿದ್ದಳು. ಅವನು ತಲೆ ತಗ್ಗಿಸಿ, ಆಗಲೇ ದಾರ ಪೋಣಿಸಿದ್ದ ಸೂಜಿಗೆ ದಾರ ಪೋಣಿಸುತ್ತಾ ಕೂತ.

ಅವನ ಭಯ ಇಷ್ಟೇ. ತಾನು ಬಾಯಿ ಬಿಟ್ಟು, ಅವಳು ಅದಕ್ಕಾಗಿ ನಿಂತುಬಿಟ್ಟರೆ? ಒಂಬತ್ತನೇ ಕ್ಲಾಸಿನವನೊಬ್ಬ ನಕ್ಷತ್ರ ನೋಡುವವಳ ಕಾಲಿಗೆ ದಾರ ಸುತ್ತಿದ ಹಾಗಾಗುವುದಿಲ್ಲವೇ? ಹೇಳದೆ ಇದ್ದರೆ ಎದೆ ಒಡೆಯುತ್ತದೆ, ಹೇಳಿದರೆ ಅವಳ ದಾರಿ ಕೆಡುತ್ತದೆ.

ಡಬ್ಬಿಯಲ್ಲಿ ಬಡಗಿಯ ಕಪ್ಪು ಪೆನ್ಸಿಲ್ಲೊಂದು ಬಿದ್ದಿತ್ತು. ಟೈಲರುಗಳಿಗೆ ಅದರಿಂದ ಉಪಯೋಗವಿಲ್ಲ. ಕಡುನೀಲಿ ಬಟ್ಟೆಯ ಮೇಲೆ ಅದರ ಗೆರೆ ಕಾಣುವುದಿಲ್ಲ. ಮುತ್ತುರಾಜನಿಗೆ ಬೇಕಾದದ್ದು ಅದೇ ಆಗಿತ್ತು. ಸೊಂಟದ ಪಟ್ಟಿಯ ಒಳಮೈಗೆ ದಿನಕ್ಕೊಂದು ಸಾಲು ಬರೆದ. ಸೋಮವಾರ ಮಾಲು ವಾಶಿಂಗಿಗೆ ಹೋಗುತ್ತದೆ, ಅಲ್ಲಿನ ತಿಕ್ಕಾಟಕ್ಕೆ ಎಲ್ಲ ಅಳಿಯುತ್ತದೆ. ಹೇಳಿದ ಹಾಗೂ ಆಯಿತು, ಯಾರೂ ಕೇಳದ ಹಾಗೂ ಆಯಿತು. ಗಂಗೋತ್ರಿ ಆ ಪಟ್ಟಿಗಳನ್ನು ತನ್ನ ಬೆರಳಿನಿಂದಲೇ ಸವರಿ ನೋಡಿದಳು. ಅಂಥ ಕಣ್ಣಿಗೂ ಏನೂ ಸಿಗಲಿಲ್ಲ.

ಅವಳು ಹೊರಡಲು ಮೂರು ದಿನ ಉಳಿದಿತ್ತು. ಹನ್ನೊಂದೂವರೆಗೆ ದಿನದಂತೆ ಕರೆಂಟು ಹೋಗಿ ನಲವತ್ತು ಮಿಷನ್ನೂ ಒಟ್ಟಿಗೆ ನಿಂತವು. ಆ ನಿಶ್ಶಬ್ದದಲ್ಲಿ ಆಫೀಸಿನಿಂದ ಯಜಮಾನ ಸಣ್ಣಬಸಪ್ಪನವರ ದನಿ ಕೇಳಿತು.

“ನನ್ನ ಮಾಲೆಲ್ಲಾ ಬೆಳ್ಳಗಾಗೈತಲ್ರೋ.”

ಎಲ್ಲ ಯೂನಿಟ್ಟಿನವರೂ ಹಾಕಿಸಿದರೆಂದು ಅವರೂ ಹಿಂದಿನ ಸಂಜೆಯಷ್ಟೇ ಗೋಡೌನಿಗೆ ಒಂದು ಸಿಸಿ ಕ್ಯಾಮೆರಾ ಹಾಕಿಸಿದ್ದರು. ಅದಕ್ಕೂ ಟೀವಿಗೂ ಇನ್ವರ್ಟರ್ ಇತ್ತು. ಟೀವಿಯಲ್ಲಿ ನೋಡಿದರೆ ಕಡುನೀಲಿ ಪ್ಯಾಂಟಿನ ಬಂಡಲುಗಳೆಲ್ಲ ಒಗೆದ ಪಂಚೆಯ ಹಾಗೆ ಬಿಳಿ. ಟಾರ್ಚ್ ಹಿಡಿದು ಗೋಡೌನಿಗೆ ಹೋಗಿ ನೋಡಿದವರು ಎಲ್ಲ ನೀಲಿಯಾಗೇ ಇದೆ ಅಂದರು. ಬಿಸಿಲಿಗೆ ಬಣ್ಣ ಹೋಗದಿರಲೆಂದು ಕಿಟಕಿಯೇ ಇಡದೆ ಕಟ್ಟಿಸಿದ ಗೋಡೌನು ಅದು. ಸಣ್ಣಬಸಪ್ಪನವರು ಬೆವರು ಒರೆಸಿಕೊಂಡರು.

ಗಂಗೋತ್ರಿ ಬಂದು ನೋಡಿ ನಕ್ಕಳು. ಕತ್ತಲಾದ ಕೂಡಲೇ ಈ ಕ್ಯಾಮೆರಾ ತಾನೇ ಅವಕೆಂಪು ಬೆಳಕು ಚೆಲ್ಲಿ ನೋಡುತ್ತದೆ, ನೀಲಿ ಬಣ್ಣಕ್ಕೆ ಆ ಬೆಳಕನ್ನು ತಡೆಯಲು ಆಗುವುದಿಲ್ಲ, ಅದಕ್ಕೇ ಬಟ್ಟೆ ಬೆಳ್ಳಗೆ ಕಾಣುತ್ತದೆ ಎಂದು ಹೇಳಿದಳು. ಬಾಗಿಲಲ್ಲಿ ನಿಂತ ಮುತ್ತುರಾಜನ ಕಡೆ ತಿರುಗಿ, “ಆ ಧೂಳಿನ ಕಥೆನೇ ಇದು,” ಅಂದಳು. ಇಷ್ಟು ಜನರ ನಡುವೆ ತನಗೇ ಹೇಳಿದಳಲ್ಲ ಎಂದು ಅವನು ಹಿಗ್ಗಿದ.

ಆ ಹಿಗ್ಗು ನಿಂತದ್ದು ಅರ್ಧ ನಿಮಿಷ. ಸಣ್ಣಬಸಪ್ಪನವರು ಟೀವಿಯ ಮೇಲೆ ಬೆರಳಿಟ್ಟರು. “ಮತ್ತ ಇದೇನಮ್ಮ, ಕರ್ರಗ?”

ಕ್ಯಾಮೆರಾದ ಕೆಳಗೇ ಇದ್ದ ಬಂಡಲಿನಲ್ಲಿ ಒಂದು ಪ್ಯಾಂಟಿನ ಸೊಂಟ ಮಗುಚಿಕೊಂಡಿತ್ತು. ಬೆಳ್ಳಗಾದ ಪಟ್ಟಿಯ ಮೇಲೆ, ಆ ಬೆಳಕನ್ನು ನುಂಗುವ ಪೆನ್ಸಿಲಿನ ಅಕ್ಷರಗಳು ಕಪ್ಪಗೆ ಎದ್ದು ನಿಂತಿದ್ದವು.

ದುರುಗಕ್ಕನನ್ನು ಗೋಡೌನಿಗೆ ಕಳಿಸಿ ಪಟ್ಟಿಯನ್ನು ಕ್ಯಾಮೆರಾದ ಮುಂದೆ ಹಿಡಿಸಿದರು. ಸಣ್ಣಬಸಪ್ಪನವರು ಓದಿದ್ದು ತೆಲುಗು ಶಾಲೆಯಲ್ಲಿ. ಕನ್ನಡವನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಬೇಕು. “ಗಂ…” ಎಂದು ಶುರು ಮಾಡಿದರು.

“ಗಂಗಾವತಿ ಪಾರ್ಟಿ ಲಾಟ್ ಇರ್ಬೇಕು ಸಾರ್,” ಎಂದು ಗಂಗೋತ್ರಿ ಟೀವಿಗೂ ಅವರಿಗೂ ನಡುವೆ ಬಂದು ನಿಂತಳು. “ಬಿಡಿ, ನಾನ್ ನೋಡ್ತೀನಿ.”

ಇನ್ನೊಂದು ಹಿಡಿಯಿರಿ ಎಂದು ದುರುಗಕ್ಕನಿಗೆ ಕೂಗಿ ಹೇಳಿದಳು. ಮತ್ತೊಂದು. ಬಾಗಿಲಿನಿಂದ ಟೀವಿ ಕಾಣುತ್ತಿರಲಿಲ್ಲ, ಆ ಬೆಳಕು ಬಿದ್ದ ಅವಳ ಮುಖ ಮಾತ್ರ ಕಾಣುತ್ತಿತ್ತು. ಆ ಸಾಲುಗಳು ಅವನಿಗೆ ಬಾಯಿಪಾಠ. ‘ಗಂಗೋತ್ರಿ ಇವತ್ತು ನಕ್ಕಳು.’ ಅವಳ ಹುಬ್ಬು ಏರಿತು. ‘ಹಸಿರು ಬಳೆ ಇಲ್ಲದ ಹನ್ನೊಂದು ಗಂಟೆ ಹೆಂಗ ಕಳೀಲಿ?’ ಅವಳ ಕೈ ಬಳೆಯ ಮೇಲೆ ಹೋಯಿತು. ‘ಹೋಗಬ್ಯಾಡ ಅನ್ನಾಕ ನಾ ಯಾರು?’ ಇನ್ನೊಂದು ಹಿಡಿಯಿರಿ ಎನ್ನುವುದನ್ನೇ ಅವಳು ಮರೆತಳು.

“ಏನೈತಮ್ಮ?” ಅಂದರು ಸಣ್ಣಬಸಪ್ಪ.

“ಬರೀ ಅಳತೆ ಸಾರ್. ತೊಳೆದ್ರೆ ಹೋಗ್ತದೆ.”

ಕರೆಂಟು ಬಂತು. ಟೀವಿಯಲ್ಲಿ ಬಟ್ಟೆಯೆಲ್ಲ ನೀಲಿಯಾಗಿ ಅಕ್ಷರಗಳು ಮಾಯವಾದವು. ಅವಳು ಅವನನ್ನು ನೋಡದೆ ಬಾಗಿಲು ದಾಟಿ ಹೋದಳು. ಮುಂದಿನ ಎರಡು ದಿನ ಅವನ ಮಿಷನ್ನಿನ ಹತ್ತಿರ ಬರಲಿಲ್ಲ. ಅವನು ಬೇಕೆಂದೇ ಮೂರು ಹೊಲಿಗೆ ಬಿಟ್ಟರೂ ಬಾಣ ಹಚ್ಚಿ ದುರುಗಕ್ಕನ ಕೈಯಲ್ಲಿ ಕಳಿಸಿದಳು.

ಶನಿವಾರ ಬೆಳಿಗ್ಗೆ ಬ್ಯಾಗು ಹೊರುವ ನೆಪದಲ್ಲಿ ಅವನು ಬಸ್ ಸ್ಟ್ಯಾಂಡಿಗೆ ಹೋದ. ಕಲ್ಯಾಣದುರ್ಗದ ಬಸ್ಸು ನಿಂತಿತ್ತು. ಅವಳು ಮೆಟ್ಟಿಲ ಹತ್ತಿರ ನಿಂತು ಅವನ ಕಡೆ ನೋಡಿದಳು.

“ಏನಾದ್ರೂ ಹೇಳೋದು ಐತಾ?”

ಇತ್ತು. ನಾಲಿಗೆಯ ತುದಿಯವರೆಗೂ ಬಂತು. “ಹುಷಾರ್ರಿ. ಅಲ್ಲಿ ಬಾಳ ಚಳಿ ಅಂತ,” ಅಂದ.

ಅವಳು ಉಸಿರು ಬಿಟ್ಟಳು. “ಹೋಗ್ಬೇಡ ಅನ್ನೋದು ಬೇರೆ, ಇಷ್ಟ ಅನ್ನೋದು ಬೇರೆ. ನೀವು ಎರಡನ್ನೂ ಸೇರಿಸಿ ಹೊಲ್ದು ಇಟ್ಟಿದೀರ.” ಬ್ಯಾಗಿನಿಂದ ಒಂದು ಪ್ಯಾಂಟು ತೆಗೆದು ಅವನ ಕೈಗಿಟ್ಟಳು. “ಆಲ್ಟರ್ ಐತೆ. ಬಾಣ ಹಾಕಿದೀನಿ.”

ಬಸ್ಸು ಹೊರಟಿತು. ಯೂನಿಟ್ಟಿಗೆ ಬಂದು ಬಿಡಿಸಿ ನೋಡಿದ. ಸೊಂಟದ ಪಟ್ಟಿಯ ಒಳಗೆ ಕೆಂಪು ಬಾಣ. ಬಾಣ ತೋರಿಸಿದ ಕಡೆ ಬರೀ ಕಡುನೀಲಿ.

ಅವನಿಗೆ ಅರ್ಥವಾಯಿತು. ಕರೆಂಟು ಹೋಗುವುದನ್ನು ಕಾಯುತ್ತಾ ಕೂತ. ಹನ್ನೊಂದೂವರೆ ಆಯಿತು, ಹನ್ನೆರಡಾಯಿತು. ವರ್ಷವಿಡೀ ತಪ್ಪದೆ ಹೋಗುತ್ತಿದ್ದ ಕರೆಂಟು ಅವತ್ತು ಕದಲಲಿಲ್ಲ. ಅವನು ಬಲ್ಬು ನೋಡುವುದನ್ನು ದುರುಗಕ್ಕ ನೋಡಿ ನೋಡಿ ಸಾಕಾದಳು.

“ಗೋಡೌನಿನ ಲೈಟ್ ಆರಿಸಿದ್ರ ಆಗಂಗಿಲ್ಲೇನಪ್ಪ?” ಅಂದಳು. “ತಾ ಇಲ್ಲಿ, ನಾ ಹಿಡೀತೀನಿ.”

ಸಣ್ಣಬಸಪ್ಪ ಊಟಕ್ಕೆ ಹೋಗಿದ್ದರು. ಮುತ್ತುರಾಜ ಟೀವಿಯ ಮುಂದೆ ನಿಂತ. ಬೆಳ್ಳಗಾದ ಪಟ್ಟಿಯ ಮೇಲೆ ಗುಂಡಗಿನ ಕಪ್ಪು ಅಕ್ಷರಗಳು. ‘ಪಾಸ್,’ ಎಂದಿತ್ತು. ಕೆಳಗೆ ಇನ್ನೊಂದು ಸಾಲು: ‘ಇನ್ನೊಂದು ಸಲ, ಬಾಯಿ ಬಿಟ್ಟು.’

ಅವನು ಹೊಲಿಗೆ ಹಾಲ್‌ಗೆ ಬಂದು, ತಿಂಗಳುಗಟ್ಟಲೆ ಫೋನಿನಲ್ಲಿ ಇದ್ದೂ ಒಮ್ಮೆಯೂ ಒತ್ತದ ಅವಳ ನಂಬರನ್ನು ಒತ್ತಿದ. ನಲವತ್ತು ಮಿಷನ್ನಿನ ಸದ್ದು. ಹೊರಗೆ ಹೋಗಿ ಮಾತಾಡಬಹುದೆಂದು ಅವನಿಗೆ ಹೊಳೆಯಲೇ ಇಲ್ಲ. ಒಂದು ಸಲ ಹೇಳಿದ. ಏನೂ ಕೇಳಿಸುತ್ತಿಲ್ಲ, ಜೋರಾಗಿ ಹೇಳಿ ಎಂದಳು ಅವಳು. ಅವನು ಕಣ್ಣು ಮುಚ್ಚಿ, ಇದ್ದಬದ್ದ ದನಿಯಲ್ಲಿ ಶುರು ಮಾಡಿದ. ಆಗ ಹೋಯಿತು ಕರೆಂಟು. ಹಾಲಿಗೆ ಹಾಲೇ ಸ್ತಬ್ಧವಾದಾಗ ಅವನ ದನಿ ಒಂದೇ ಉಳಿದಿತ್ತು.

“…ನೀವಂದ್ರ ನನಗ ಬಾಳ ಇಷ್ಟ ರಿ. ಹೋಗಬ್ಯಾಡ್ರಿ ಅಂತಲ್ಲ. ನೀವು ಹೋಗ್ರಿ. ನಾ ಕಾಯ್ತೀನಿ.”

ನಲವತ್ತು ತಲೆ ತಿರುಗಿದವು. ಊಟ ಮುಗಿಸಿ ಆಗಷ್ಟೇ ಬಾಗಿಲಿಗೆ ಬಂದಿದ್ದ ಸಣ್ಣಬಸಪ್ಪನವರು ಅವನ ಕೈಯಲ್ಲಿದ್ದ ಫೋನನ್ನೂ, ಗೋಡೌನಿನಿಂದ ಪ್ಯಾಂಟು ಹಿಡಿದು ಹೊರಗೆ ಬಂದ ದುರುಗಕ್ಕನನ್ನೂ ನೋಡಿದರು. “ಹಂಗಾರ ಗಂಗಾವತಿ ಪಾರ್ಟಿ ಇದೇ ಏನು?” ಅಂದರು. ಹಾಲೆಲ್ಲ ನಕ್ಕಿತು.

ಫೋನಿನಲ್ಲಿ ಬಸ್ಸಿನ ಗಡಗಡ. ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ. ಎರಡೂ ಇರಬೇಕು.

“ಈಗ ಸರಿಯಾಗಿ ಕೇಳಿಸ್ತು,” ಅಂದಳು. “ಯುಗಾದಿಗೆ ರಜ ಹಾಕಿ ಬರ್ತೀನಿ. ನೀವು ರೊಳ್ಳಕ್ಕೆ ಬನ್ನಿ, ನಮ್ಮಪ್ಪನ ಕೂಡೆ ಮಾತಾಡಿ. ಪೆನ್ಸಿಲ್ ಅಲ್ಲೇ ಬಿಟ್ಟು ಬನ್ನಿ.”