ಪ್ರೊಫೆಸರ್ ಬ್ರೆನರರ ಕೊನೆಯ ಸ್ಲೈಡ್

ಮಸೀದಿಯಲ್ಲಿ ಸಂಜೆಯ ಅಸರ್ ಬಾಂಗ್ ಮುಗಿಯುವ ಹೊತ್ತಿಗೆ ಖಾಲಿ ಲೋಟ ತರಲು ಹೋದ ನುಸೈಬಾ ಬಾಗಿಲಲ್ಲೇ ಚೀರಿದಳು. ಪ್ರೊಫೆಸರ್ ಬ್ರೆನರ್ ಮೈಕ್ರೋಸ್ಕೋಪಿನ ಪಕ್ಕ ತಲೆಯಿಟ್ಟು ಸತ್ತಿದ್ದರು. ಲೋಟದಿಂದ ಕಹಿ ಬಾದಾಮಿಯ ವಾಸನೆ: ಚಹಾದಲ್ಲಿ ವಿಷ. ಚಹಾ ಮಾಡಿಕೊಟ್ಟವಳು ಅವಳೇ. ಪರದೇಶದ ಜೈಲೂ ಪಕ್ಕದೂರು ಅಲ್ ವಕ್ರಾದ ಫ್ಲ್ಯಾಟಿನಲ್ಲಿ ಕಾಯುತ್ತಿದ್ದ ಮಗಳೂ ಒಟ್ಟಿಗೇ ಅವಳ ಕಣ್ಮುಂದೆ ಬಂದವು.

ದೋಹಾದ ಆ ಮೆಡಿಕಲ್ ಕಾಲೇಜಿನ ಬಾಗಿಲುಗಳನ್ನು ತಕ್ಷಣ ಮುಚ್ಚಿಸಿದವರು ಭದ್ರತಾ ಮುಖ್ಯಸ್ಥ ಯೂಸ್ಟೇಸ್. ಮಂಗಳೂರಿನಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಇಲ್ಲಿ ಏನು ನಡೆದರೂ ಪತ್ತೆ ಅವರದೇ, ಲ್ಯಾಬ್ ಟೆಕ್ನೀಷಿಯನ್ ನುಸೈಬಾ ಅವರ ಬಲಗೈ. ಈ ಸಲ ಸಂಶಯ ಬಲಗೈಯ ಮೇಲೇ.

"ಹೆದರಬೇಡ ಮಾರಾಯ್ತಿ. ಏನೇನು ಮುಟ್ಟಿದ್ದಿ?"

"ಲೋಟ ಮಾತ್ರ ಸರ್, ಅಲ್ಲಾಹನಾಣೆ. ಮೈಕ್ರೋಸ್ಕೋಪನ್ನು ಅವರು ಯಾರಿಗೂ ಮುಟ್ಟಲು ಬಿಡುವುದಿಲ್ಲ. ಎಪ್ಪತ್ತಾದರೂ ಕನ್ನಡಕ ಬೇಡದ ಕಣ್ಣು ಅಂತ ಜಂಬ ಬೇರೆ."

ಯೂಸ್ಟೇಸ್ ಬಗ್ಗಿ ನೋಡಿದರು. ಕಣ್ಣಿಡುವ ಜಾಗದ ರಬ್ಬರ್ ಬಟ್ಟಲುಗಳೆರಡೂ ಹಿಂದಕ್ಕೆ ಮಡಚಿದ್ದವು. "ಸ್ಲೈಡು ನೀನು ಕೊಟ್ಟದ್ದೇ?"

"ಅಲ್ಲ ಸರ್. ನಾನು ಕೊಟ್ಟದ್ದು ಡಾಕ್ಟರ್ ಶಿಹಾಬ್ 'ರೋಗ ಇಲ್ಲ' ಅಂತ ಬರೆದ ಹೆಂಗಸಿನದ್ದು. ಪ್ರೊಫೆಸರ್ ಮತ್ತೆ ನೋಡಿ ಕ್ಯಾನ್ಸರ್ ಕಂಡಲ್ಲಿ ಹಸಿರು ಚುಕ್ಕೆ ಇಟ್ಟಿದ್ದರು. ಇದರಲ್ಲಿ ಚುಕ್ಕೆಯೇ ಇಲ್ಲ."

ಪೊಲೀಸರು ಬಂದರು, ಎಲ್ಲರೂ ಸೇರಿದರು. ಪ್ರೊಫೆಸರರ ಸಹಾಯಕ ಶಿಹಾಬ್ ದಪ್ಪ ಕನ್ನಡಕ ಒರೆಸುತ್ತ, "ಚಹಾ ತಂದದ್ದು ಇವಳೇ ಅಲ್ವಾ? ಖಲಾಸ್!" ಎಂದ.

"ರಬ್ಬರ್ ಅಡ್ಡ ಬರುವುದು ಕನ್ನಡಕದವರಿಗೆ, ಅದನ್ನು ಮಡಚುವುದೂ ಅವರೇ," ಎಂದರು ಯೂಸ್ಟೇಸ್. "ಪ್ರೊಫೆಸರಿಗೆ ಕನ್ನಡಕವಿಲ್ಲ, ನುಸೈಬಾಳಿಗೂ ಇಲ್ಲ. ಮಾತಿನ ನೆಪದಲ್ಲಿ ಬಂದವನೊಬ್ಬ ಚಹಾದಲ್ಲಿ ವಿಷ ಬೆರೆಸಿದ, ಅವರು ಸತ್ತ ಮೇಲೆ ಸ್ಲೈಡು ಬದಲಿಸಿದ, ಹೊಸದು ರೋಗವಿಲ್ಲದ್ದೇ ಹೌದಾ ಅಂತ ಇಣುಕಿ ನೋಡಿದ. ಬಾಗಿಲು ಮುಚ್ಚಿದೆ. ಚುಕ್ಕೆಯಿದ್ದ ಸ್ಲೈಡು ಹೊರಗೆ ಹೋಗಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ಶಿಹಾಬನ ಕೈ ಕೋಟಿನ ಜೇಬಿಗೆ ಹೋಯಿತು. ಪೊಲೀಸರು ಅಲ್ಲಿಂದ ತೆಗೆದ ಗಾಜಿನ ಮೇಲೆ ಹಸಿರು ಚುಕ್ಕೆಗಳಿದ್ದವು.

"ನನ್ನ ಕೆರಿಯರ್ ಮುಗಿಸಿಬಿಡುತ್ತಿದ್ದರು," ಎಂದು ಅವನು ಅತ್ತ.

ನುಸೈಬಾಳಿಗೆ ಭಯ ಹೋಗಿ ಸಿಟ್ಟು ಬಂತು. ಜರ್ಮನಿಯಲ್ಲಿ ದೊಡ್ಡ ಹೆಸರು ಮಾಡಿ ಬಂದ ಬ್ರೆನರ್ ಪ್ರತಿ ವರ್ಷದ ಮೊದಲ ಪಾಠದಲ್ಲಿ ಹೇಳುತ್ತಿದ್ದದ್ದು ತಮ್ಮದೇ ತಪ್ಪಿನ ಕತೆ: ಆರೋಗ್ಯವಂತ ಹೆಂಗಸಿಗೆ ಕ್ಯಾನ್ಸರ್ ಎಂದು ಬರೆದದ್ದು, ಆಮೇಲೆ ಅವಳ ಮನೆಗೇ ಹೋಗಿ ಒಪ್ಪಿಕೊಂಡದ್ದು.

"ಮುಗಿಸುತ್ತಿರಲಿಲ್ಲ ಡಾಕ್ಟ್ರೇ. ನಿಮ್ಮನ್ನು ಕರ್ಕೊಂಡು ಈ ಸ್ಲೈಡಿನ ಹೆಂಗಸಿನ ಮನೆಗೆ ಹೋಗುತ್ತಿದ್ದರು, ಅಷ್ಟೇ."

ಅವನನ್ನು ಕರೆದೊಯ್ದ ಮೇಲೆ ಅವಳು ಫೋನ್ ಎತ್ತಿ ಆ ರೋಗಿಯ ನಂಬರ್ ಒತ್ತಿದಳು. ಆ ಕಡೆಯಿಂದ ಮಕ್ಕಳ ಗಲಾಟೆಯ ನಡುವೆ ನಗುತ್ತಲೇ "ಹಲೋ" ಎಂದ ಹೆಂಗಸಿನ ದನಿ ಕೇಳಿ ನುಸೈಬಾಳಿಗೆ ಮತ್ತೆ ಭಯವಾಯಿತು. ಆದರೂ ಮಾತು ಶುರು ಮಾಡಿದಳು.